ಸಣ್ಣ ಊರಿನಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹುಡುಕುವುದು ಹೇಗೆ?

ಬೆಳಗಿನ ಬಸ್ಸು · ಭಾನುವಾರ, ರಾತ್ರಿ 10.50

ನಮಸ್ಕಾರ. ಊರಿನ ಹೆಸರು ಬರೆಯುವುದಿಲ್ಲ, ಕ್ಷಮಿಸಿ. ಬರೆದರೆ ಮೂರನೆಯ ಉತ್ತರದಲ್ಲೇ ‘ನೀವು ಇಂಥವರ ಮಗಳಲ್ಲವೇ’ ಎಂದು ಕೇಳುವವರು ಬರುತ್ತಾರೆ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಎಂದಷ್ಟೇ ಇಟ್ಟುಕೊಳ್ಳಿ.

ನನ್ನ ತಮ್ಮನಿಗೆ 31 ವರ್ಷ. ಸ್ಕಿಜೋಫ್ರೇನಿಯಾ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಐದು ವಾರ ಇದ್ದು ಮನೆಗೆ ಬಂದು ನಾಲ್ಕು ತಿಂಗಳಾಯಿತು. ಮಾತ್ರೆ ತಪ್ಪಿಸುತ್ತಿಲ್ಲ. ಯಾರೋ ಬೈಯುವ ದನಿ ಕೇಳಿಸುತ್ತದೆ ಎನ್ನುತ್ತಿದ್ದುದು ನಿಂತಿದೆ. ಆದರೆ ಅವನು ಕೋಣೆಯಿಂದ ಹೊರಗೆ ಬರುವುದಿಲ್ಲ. ಹನ್ನೊಂದಕ್ಕೆ ಏಳುತ್ತಾನೆ, ಉಣ್ಣುತ್ತಾನೆ, ಗೋಡೆಯ ಕಡೆ ತಿರುಗಿ ಮತ್ತೆ ಮಲಗುತ್ತಾನೆ. ಅಮ್ಮ ಬೆಳಗಿನಿಂದ ‘ಏಳು, ಸ್ನಾನ ಮಾಡು, ಓರಗೆಯವರನ್ನು ನೋಡು’ ಎಂದು ಹೇಳುತ್ತಲೇ ಇರುತ್ತಾರೆ, ಸಂಜೆ ಅಳುತ್ತಾರೆ. ಅಪ್ಪ ಅವನ ಜೊತೆ ಮಾತೇ ಬಿಟ್ಟಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಶನಿವಾರ ರಾತ್ರಿ ಊರಿಗೆ, ಸೋಮವಾರ ಮೊದಲ ಬಸ್ಸಿಗೆ ವಾಪಸು.

ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ‘ಊರಿನಲ್ಲಿ ಪಿ.ಎಸ್.ಡಬ್ಲ್ಯು. ಅವರನ್ನು ಕಾಣುವುದು’ ಎಂದಿದೆ, ಅಂದರೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗಳು ‘ಒಬ್ಬ ಕ್ಲಿನಿಕಲ್ ಸೋಷಿಯಲ್ ವರ್ಕರ್ ಹುಡುಕು’ ಎನ್ನುತ್ತಾಳೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಬೆಂಗಳೂರಿನ ವಿಳಾಸ. ಊರಿನಲ್ಲಿ ಕೇಳಿದಾಗ ‘ಸಮಾಜ ಸೇವಕ’ರೊಬ್ಬರ ಮನೆ ತೋರಿಸಿದರು. ಪುರಸಭೆ ಚುನಾವಣೆಯಲ್ಲಿ ಒಮ್ಮೆ ಸೋತವರು, ಮತ್ತೆ ನಿಲ್ಲುವವರು. ಕಾಫಿ ಕೊಟ್ಟರು, ಒಳ್ಳೆಯ ಮನುಷ್ಯ. ಆದರೆ ನನಗೆ ಬೇಕಾದವರು ಅವರಲ್ಲ.

ಇಂಥವರು ಸಣ್ಣ ಊರಿನಲ್ಲಿ ಇರುತ್ತಾರೆಯೇ? ಇದ್ದರೆ ಎಲ್ಲಿ ಕೂರುತ್ತಾರೆ?

ಚಿಲ್ಲರೆ ಮಾತು

ಸಮಾಜ ಸೇವಕರು ಬೇಕಾದರೆ ನಮ್ಮ ಊರಿನ ವೃತ್ತದಲ್ಲಿ ಫ್ಲೆಕ್ಸಿಗೆ ಹನ್ನೆರಡು ಜನ ಸಿಗುತ್ತಾರೆ, ಕಳುಹಿಸಿಕೊಡಲೇ?

ತಮಾಷೆ ಸಾಕು. ಹೊಸದಾಗಿ ಬೋರ್ಡು ಹಾಕಿರುವ ಕೌನ್ಸೆಲಿಂಗ್ ಕೇಂದ್ರಗಳಿಗೆ ಮೊದಲೇ ಹೋಗಬೇಡಿ. ನಮ್ಮ ಕಡೆ ಒಬ್ಬರು ವಾರಾಂತ್ಯದ ತರಬೇತಿಯ ಪ್ರಮಾಣಪತ್ರ ನೇತುಹಾಕಿಕೊಂಡು ಸಂಮೋಹನ, ಪರೀಕ್ಷಾ ಭಯ, ದಾಂಪತ್ಯ ಕಲಹ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಬಗೆಹರಿಸುತ್ತಾರೆ. ನನ್ನ ಭಾವಮೈದುನನಿಗೆ ‘ಮಾತ್ರೆ ಬಿಡು, ಮನಸ್ಸು ಗಟ್ಟಿ ಮಾಡಿಕೋ’ ಎಂದರು. ಬಿಟ್ಟ. ಎರಡು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದ.

ದೂರದೂರು (ನ್ಯೂಜೆರ್ಸಿಯಿಂದ)

ನಿಮ್ಮ ಅಕ್ಕ ಹೇಳಿದ್ದು ತಪ್ಪಲ್ಲ, ಆದರೆ ಅದು ಇಲ್ಲಿನ ಮಾತು. ಇಲ್ಲಿ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಹಿರಿಯರ ಉಸ್ತುವಾರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಪರೀಕ್ಷೆ ಬರೆದು ರಾಜ್ಯದ ಪರವಾನಗಿ ಪಡೆದವರು ಸ್ವಂತ ಕ್ಲಿನಿಕ್ ಇಟ್ಟುಕೊಂಡು ಮಾತಿನ ಚಿಕಿತ್ಸೆ ಕೊಡುತ್ತಾರೆ. ಅಂಚೆ ಸಂಖ್ಯೆ ಹಾಕಿದರೆ ಪಟ್ಟಿ ಬರುತ್ತದೆ. ನಾನೂ ಹಾಗೆಂದುಕೊಂಡು ಹಾಸನದಲ್ಲಿರುವ ಅತ್ತೆಗಾಗಿ ಹುಡುಕಿ ಒಂದು ತಿಂಗಳು ಕಳೆದೆ. ಆ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಂಗಳವಾರ · ಸೋಮವಾರ, ರಾತ್ರಿ 9.15

ನಾನು ಇದೇ ಕೆಲಸದವಳು, ಬೇರೊಂದು ಜಿಲ್ಲೆಯಲ್ಲಿ. ಈ ಅಡ್ಡಹೆಸರು ಏಕೆಂದು ಕೆಳಗೆ ತಿಳಿಯುತ್ತದೆ.

ನಮ್ಮಲ್ಲಿ ಈ ಹುದ್ದೆಯ ಹೆಸರು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದಕ್ಕೆ ವ್ಯಾಖ್ಯೆಯೇ ಇದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಇಷ್ಟುದ್ದದ ಹೆಸರು ಹೇಳಿದರೆ ಕಾವಲುಗಾರನೂ ಕೈಯಾಡಿಸುತ್ತಾನೆ. ‘ಡಿ.ಎಂ.ಎಚ್.ಪಿ.ಯವರು ಯಾವತ್ತು ಬರುತ್ತಾರೆ’ ಎಂದು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅದು. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ದಾದಿ, ಜೊತೆಗೆ ನನ್ನಂಥವರೊಬ್ಬರು ಇರಬೇಕು. ಇರಬೇಕು ಎಂದೆ, ಎಲ್ಲ ಕುರ್ಚಿಯೂ ಎಲ್ಲ ಕಾಲಕ್ಕೂ ತುಂಬಿರುವುದಿಲ್ಲ.

ತಂಡದ ಮನೆ ಜಿಲ್ಲಾ ಕೇಂದ್ರದಲ್ಲಿ. ಆದರೆ 2014ರಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯ ಮೇಲೆ ಮಂಗಳವಾರ ಹೋಗುತ್ತೇವೆ. ನಿಮ್ಮ ಜಿಲ್ಲೆಗೆ ಆರು ತಾಲ್ಲೂಕು, ತಿಂಗಳಿಗೆ ನಾಲ್ಕೋ ಐದೋ ಮಂಗಳವಾರ. ಲೆಕ್ಕ ನೀವೇ ಹಾಕಿಕೊಳ್ಳಿ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂಬುದನ್ನು ಹೋಗುವ ಮುಂಚೆಯೇ ಕೇಳಿಕೊಳ್ಳುವುದು ಮುಖ್ಯ. ಮಾತ್ರೆ ಅಲ್ಲಿ ಉಚಿತ.

ಇನ್ನು ನಾವು ಮಾಡುವುದೇನು? ವಾರಕ್ಕೊಂದು ಗಂಟೆ ಎದುರುಬದುರು ಕುಳಿತು ಮಾತನಾಡುವುದು ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ನನ್ನ ಕೆಲಸದ ಹೆಚ್ಚಿನ ಪಾಲು ನಡೆಯುವುದು ಮನೆಯವರ ಜೊತೆ. ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತಮ್ಮನಲ್ಲ, ಅಮ್ಮ. ಕೋಣೆ ಬಿಟ್ಟು ಬಾರದಿರುವುದು ಸೋಮಾರಿತನವಲ್ಲ, ಅದೂ ಕಾಯಿಲೆಯ ಭಾಗವೇ. ದನಿಗಳನ್ನು ನಿಲ್ಲಿಸುವಷ್ಟು ಸಲೀಸಾಗಿ ಮಾತ್ರೆ ಇದನ್ನು ತೆಗೆಯುವುದಿಲ್ಲ. ಇದನ್ನು ಯಾರೂ ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಂತಿಲ್ಲ. 1950ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು, ಆಸ್ಪತ್ರೆಯಿಂದ ಹೊರಬಂದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ನೋಡುತ್ತಾ ಹೋದರು. ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಬಾಡಿಗೆ ಕೋಣೆಯಲ್ಲಿ, ಅಣ್ಣತಮ್ಮಂದಿರ ಮನೆಯಲ್ಲಿ ಉಳಿದವರು ಚೆನ್ನಾಗಿದ್ದರು. ಪ್ರೀತಿ ಕಡಿಮೆಯಿದ್ದುದರಿಂದಲ್ಲ, ಗೊಣಗಾಟ ಕಡಿಮೆಯಿದ್ದುದರಿಂದ. ಹಾಗೆಂದು ಅಮ್ಮನನ್ನು ದೂರಬೇಡಿ. ನಾಲ್ಕು ತಿಂಗಳಿಂದ ಒಬ್ಬರೇ ಹೊತ್ತಿದ್ದಾರೆ.

ಮಂಗಳವಾರದವರೆಗೆ ಕಾಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ. ಅಮ್ಮನೇ ಕರೆ ಮಾಡಬಹುದು, ತಮ್ಮನೇ ಮಾತನಾಡಬೇಕೆಂದಿಲ್ಲ.

ನೇರನುಡಿ

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು ಬಿಟ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಸಾಲಿನಲ್ಲಿ ನಿಂತರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆಟೊದವನು ನಿಮ್ಮ ಅಪ್ಪನ ವಿದ್ಯಾರ್ಥಿ, ಚೀಟಿ ಬರೆಯುವವಳು ನಿಮ್ಮ ಓಣಿಯವಳು. ನಾಳೆ ನಿಮ್ಮ ಮದುವೆಯ ಮಾತು ಬಂದಾಗ ಇದೇ ಸಾಲು ಅಡ್ಡ ಬರುತ್ತದೆ. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ ತೋರಿಸಿ. ಖರ್ಚಾದರೂ ಮಾನ ಉಳಿಯುತ್ತದೆ.

ಬೆಳಗಿನ ಬಸ್ಸು

ಅಪ್ಪ ಹೇಳುವುದೂ ಇದನ್ನೇ, ಬಹುಮಟ್ಟಿಗೆ ಇದೇ ಮಾತುಗಳಲ್ಲಿ.

ಕಲ್ಲುಬೆಂಚು · ಮಂಗಳವಾರ, ಬೆಳಿಗ್ಗೆ 6.05

ನೇರನುಡಿಯವರೇ, ನೀವು ಹೇಳಿದ ದಾರಿಯಲ್ಲಿ ಆರು ವರ್ಷ ನಡೆದವನು ನಾನು. ನಿವೃತ್ತ ಮೇಷ್ಟ್ರು. ಮಗಳಿಗೆ 22ನೆಯ ವಯಸ್ಸಿನಲ್ಲಿ ಶುರುವಾಯಿತು. ಊರಿಗೆ ತಿಳಿಯಬಾರದೆಂದು ಎರಡು ಜಿಲ್ಲೆ ದಾಟಿ ಹೋಗುತ್ತಿದ್ದೆವು. ಬೆಳಗಿನ ಜಾವ ಮನೆ ಬಿಟ್ಟು ರಾತ್ರಿ ಮರಳುವುದು. ಕೇಳಿದವರಿಗೆ ‘ಹಲ್ಲಿನ ಆಸ್ಪತ್ರೆ’ ಎನ್ನುವುದು. ಆರು ವರ್ಷ ಯಾರ ಹಲ್ಲು ನೋಯುತ್ತದೆ ಹೇಳಿ? ಊರಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಗೊತ್ತಾಗಿದೆ ಎಂದು ಗೊತ್ತಿಲ್ಲದವರು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ.

ದೂರದ ವೈದ್ಯರು ಒಳ್ಳೆಯವರೇ. ಆದರೆ ಹಬ್ಬದ ದಿನ ಮಗಳು ಊಟ ಬಿಟ್ಟು ಕುಳಿತರೆ, ಹಿತ್ತಲ ಬಾಗಿಲಿನಿಂದ ಬಂದು ‘ಏನಮ್ಮಾ’ ಎನ್ನಲು ಅವರಿಂದಾಗುತ್ತದೆಯೇ? ಕೊನೆಗೆ ನಮ್ಮ ತಾಲ್ಲೂಕು ಆಸ್ಪತ್ರೆಗೇ ಹೋದೆವು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಪಕ್ಕದ ಬೀದಿಯ ಬಟ್ಟೆ ಅಂಗಡಿಯವರು. ಅವರ ಹೆಂಡತಿಗೆ ಹತ್ತು ವರ್ಷದಿಂದ ಇದೆಯಂತೆ. ಅವರೂ ‘ಹಲ್ಲಿನ ಆಸ್ಪತ್ರೆ’ಗೆ ಹೋಗುತ್ತಿದ್ದವರೇ.

ಮಂಗಳವಾರ

ಮೇಷ್ಟ್ರೇ, ಈ ಹಲ್ಲಿನ ಕಥೆಯನ್ನು ನಮ್ಮ ಕ್ಲಿನಿಕ್ಕಿನಲ್ಲಿ ಹೇಳಲು ಅಪ್ಪಣೆ ಕೊಡಿ.

ನೇರನುಡಿಯವರ ಅಂಜಿಕೆ ಸುಳ್ಳಲ್ಲ. ಅದನ್ನು ತಳ್ಳಿಹಾಕಿದರೆ ನಾನು ಕೆಲಸ ಕಲಿತಿಲ್ಲ ಎಂದರ್ಥ. ಗೋಪ್ಯತೆ ಎಂಬುದು 2017ರ ಆ ಕಾಯ್ದೆಯೇ ಕೊಟ್ಟ ಹಕ್ಕು, 23ನೆಯ ಸೆಕ್ಷನ್. ಆದರೆ ಸಾಲಿನಲ್ಲಿ ನಿಂತವರ ಬಾಯಿಗೆ ಕಾಯ್ದೆ ಬೀಗ ಹಾಕುವುದಿಲ್ಲ. ನಾನು ಮಾಡುವ ಉಪಾಯ ಇಷ್ಟು: ಮೊದಲ ಸಲ ಮನೆಯವರಲ್ಲಿ ಒಬ್ಬರು ಮಾತ್ರ ಬನ್ನಿ, ಚೀಟಿ ತನ್ನಿ, ಮಧ್ಯಾಹ್ನ ಸಾಲು ಕರಗಿದ ಮೇಲೆ ಬನ್ನಿ. ಮನೆಗೆ ಬರಬೇಕಾದರೆ ಸರ್ಕಾರದ ಹೆಸರು ಬರೆದ ಜೀಪನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ ನಡೆದು ಬರುತ್ತೇನೆ. ಒಂದು ಮನೆಯಲ್ಲಿ ನಾನು ಎಲ್.ಐ.ಸಿ.ಯವಳು, ಇನ್ನೊಂದರಲ್ಲಿ ಸೊಸೆಯ ಗೆಳತಿ. ಸುಳ್ಳು ಹೇಳುವುದು ನನಗೆ ಇಷ್ಟವಿಲ್ಲ, ಆದರೆ ಅವರು ಹೇಳಿಕೊಂಡ ಸುಳ್ಳನ್ನು ನಾನು ಒಡೆಯುವುದಿಲ್ಲ.

ಕೂಡ್ಲಿಗಿ ಸೈಕಲ್ಲು

ಆರೋಗ್ಯ ಇಲಾಖೆಯಿಂದ ನಿವೃತ್ತನಾದವನು. ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ನೀವೆಲ್ಲ ಹೇಳುತ್ತಿರುವ ಈ ಡಿ.ಎಂ.ಎಚ್.ಪಿ. ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ನಮ್ಮಂಥ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನು ಹಳ್ಳಿಯಲ್ಲೇ ಗುರುತಿಸಿ ನೋಡಿಕೊಳ್ಳಬಹುದು ಎಂದು ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶಕ್ಕೆ ಹಬ್ಬಿಸಿದರು. ಮಲೇರಿಯಾಕ್ಕೆ ರಕ್ತ ತೆಗೆಯಲು ಸೈಕಲ್ಲಿನಲ್ಲಿ ಹೋದವರು ‘ಮನೆಯಲ್ಲಿ ಯಾರಾದರೂ ಒಬ್ಬರೇ ಮಾತನಾಡಿಕೊಳ್ಳುತ್ತಾರೆಯೇ’ ಎಂದೂ ಕೇಳಿ ಬರುತ್ತಿದ್ದ ಕಾಲ. ಕೆಲವರು ಹೊಡೆಯಲು ಬಂದದ್ದೂ ಉಂಟು.

ತುಂಗೆಯ ದಂಡೆ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನ ಕೆಲಸ ನಡೆದಿದೆ. ಸ್ಕಿಜೋಫ್ರೇನಿಯಾ ಇದ್ದೂ ಚಿಕಿತ್ಸೆ ಕಾಣದವರನ್ನು ಹುಡುಕಿ ಊರಿನಲ್ಲೇ ಔಷಧಿ ಕೊಡುವುದು. ಅಲ್ಲಿ ಗೊತ್ತಾದದ್ದು, ಮನೆಗಳನ್ನು ಬಲ್ಲ ಒಬ್ಬ ಸಮಾಜ ಕಾರ್ಯಕರ್ತ ತಾಲ್ಲೂಕಿನಲ್ಲೇ ನೆಲೆಸಿದ್ದರೆ ಎಷ್ಟು ವ್ಯತ್ಯಾಸ ಎಂಬುದು. ಮಳೆಗಾಲದಲ್ಲಿ ಬಸ್ಸು ನಿಂತರೆ ಔಷಧಿ ನಿಲ್ಲಬಾರದಲ್ಲ. ಎಲ್ಲ ತಾಲ್ಲೂಕಿಗೂ ಆ ಅದೃಷ್ಟ ಇಲ್ಲ, ಒಪ್ಪುತ್ತೇನೆ.

ಬೆಳಗಿನ ಬಸ್ಸು · ಹತ್ತು ದಿನಗಳ ನಂತರ

ಮೊನ್ನೆ ಮಂಗಳವಾರ ರಜೆ ಹಾಕಿ ಹೋಗಿದ್ದೆ. ಮಂಗಳವಾರ ಸರಿ, ವಾರ ತಪ್ಪು. ಫೋನಿನಲ್ಲಿ ಕೇಳಿದಾಗ ‘ಬನ್ನಿ’ ಎಂದಿದ್ದರು. ಹೋದಾಗ ಕೌಂಟರಿನವರು ‘ತಲೆ ಡಾಕ್ಟರೇ? ಹೋದ ವಾರವೇ ಬಂದು ಹೋದರು’ ಎಂದರು, ಹಿಂದೆ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಹೊರಗೆ ಬಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕುಳಿತೆ. ಬಿಟ್ಟುಬಿಡೋಣ ಎನ್ನಿಸಿತು.

ಔಷಧಿ ಅಂಗಡಿ

ತಂಗಿ, ಬಿಡಬೇಡಿ. ಒಂದು ತಾಲ್ಲೂಕು ಆಸ್ಪತ್ರೆಯ ಎದುರು ನನ್ನ ಅಂಗಡಿ ಇದೆ. ಯಾವ ತಜ್ಞರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಹನ್ನೊಂದಕ್ಕೆ ಬಂದು ಒಂದಕ್ಕೆ ಹೊರಡುತ್ತಾರೆ ಎಂಬುದು ಒಳಗಿನವರಿಗಿಂತ ನಮಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ವ್ಯಾಪಾರವೇ ಅದರ ಮೇಲೆ ನಿಂತಿದೆ. ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ಕೇಳಿ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು, ಆದರೆ ನಿಮ್ಮ ಓಣಿಯ ಆಶಾ ಬಾಯಿ ಬಿಗಿಯಿರುವವರೇ ಎಂದು ಮೊದಲು ನೋಡಿಕೊಳ್ಳಿ.

ಬೆಳಗಿನ ಬಸ್ಸು · ಮತ್ತೆ ಮೂರು ವಾರದ ಮೇಲೆ

ಸಿಕ್ಕರು. ಎಕ್ಸ್‌ರೇ ಕೋಣೆಯ ಪಕ್ಕ, ಲಸಿಕೆಯ ಪೆಟ್ಟಿಗೆಗಳಿರುವ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ನನಗಿಂತ ಚಿಕ್ಕ ವಯಸ್ಸಿನ ಹುಡುಗ. ಸಂಕೋಚಪಟ್ಟುಕೊಂಡೇ ಅವರ ಓದು ಕೇಳಿದೆ. ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗ, ಎಂ.ಫಿಲ್ ಆಗಿಲ್ಲ ಎಂದು ಅವರೇ ಹೇಳಿದರು. ಮಂಗಳವಾರ ಮೇಡಂ, ಇದು ಸಾಕೇ?

ಅವರು ಕಾಯಿಲೆಯ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ‘ಮುಂಚೆ ಅವರಿಗೆ ಏನು ಮಾಡುವುದು ಇಷ್ಟವಿತ್ತು?’ ಎಂದರು. ನನಗೆ ತಕ್ಷಣ ಹೊಳೆಯಲಿಲ್ಲ, ನಾಚಿಕೆಯಾಯಿತು. ಆಮೇಲೆ ನೆನಪಾಯಿತು: ಮೋಟಾರ್ ವೈಂಡಿಂಗ್. ಐ.ಟಿ.ಐ. ಮುಗಿಸಿ ಸೋದರಮಾವನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಬೇಸಿಗೆಯಲ್ಲಿ ಉಣ್ಣಲೂ ಬಿಡುವಿರುತ್ತಿರಲಿಲ್ಲ. ‘ಸರಿ, ಅಲ್ಲಿಗೆ ಹೋಗೋಣ, ಆದರೆ ಈಗಲೇ ಬೇಡ’ ಎಂದರು. ಮೊದಲು ಒಂದೇ ಕೆಲಸ: ಸಂಜೆ ಹಾಲು ತರುವುದು. ತಂದರೆ ಹೊಗಳಿಕೆಯ ಮಳೆ ಬೇಡ, ತರದಿದ್ದರೆ ಮಾತಿಲ್ಲ. ಅಮ್ಮ ದಿನಕ್ಕೆ ಒಂದೇ ಸಲ ಹೇಳಬೇಕು. ಅಮ್ಮನಿಗೆ ಇದು ಉಪವಾಸಕ್ಕಿಂತ ಕಷ್ಟವಾಗಿದೆ.

ಮಂಗಳವಾರ

ಕಾಯ್ದೆಯ ಅಳತೆಗೆ ಎಂ.ಫಿಲ್ ಬೇಕು. ಆದರೆ ಆ ಓದಿಗೆ ಸೀಟುಗಳೇ ಕಡಿಮೆ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕೆಲವೇ ಕಡೆ. ಮುಗಿಸಿದವರು ತಾಲ್ಲೂಕಿಗೆ ಗುತ್ತಿಗೆ ಕೆಲಸಕ್ಕೆ ಬರುವುದು ಇನ್ನೂ ಕಡಿಮೆ. ಹಾಗಾಗಿ ಎಂ.ಎಸ್.ಡಬ್ಲ್ಯು. ಆದವರೂ ತಂಡಗಳಲ್ಲಿರುತ್ತಾರೆ. ನಾನಾದರೆ ಎರಡು ವಿಷಯ ನೋಡುತ್ತೇನೆ. ಮನೋವೈದ್ಯರ ಜೊತೆಯಲ್ಲಿ ಕೆಲಸ ಮಾಡುತ್ತಾರೆಯೇ? ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆಯೇ? ಕೇಳುವ ಮೊದಲೇ ಎಂ.ಫಿಲ್ ಇಲ್ಲ ಎಂದ ಹುಡುಗ ಎರಡನೆಯದರಲ್ಲಿ ಪಾಸಾಗಿದ್ದಾನೆ.

ಇನ್ನೊಂದು ಗೊಂದಲ ಬರಬಹುದು. ‘ಆರ್.ಸಿ.ಐ. ನೋಂದಣಿ ಸಂಖ್ಯೆ ಕೇಳಿ’ ಎಂದು ಯಾರಾದರೂ ಹೇಳುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ ಆ ನೋಂದಣಿ ಕ್ಲಿನಿಕಲ್ ಸೈಕಾಲಜಿಸ್ಟರಿಗೆ. ನಮ್ಮನ್ನು 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಆ ಸಂಖ್ಯೆ ಇಲ್ಲವೆಂದು ನಮ್ಮವರನ್ನು ನಕಲಿ ಎನ್ನಬೇಡಿ.

ಹಾಲಿನ ಯೋಜನೆ ನನಗೆ ಬಹಳ ಹಿಡಿಸಿತು. ಯು.ಡಿ.ಐ.ಡಿ. ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಬಗ್ಗೆ ಅವರು ಹೇಳಿದರೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ 21 ಅಂಗವೈಕಲ್ಯಗಳಲ್ಲಿ ಒಂದು. ಅಳತೆ ಮಾಡಿದಾಗ ಶೇ 40 ಮತ್ತು ಮೇಲಿದ್ದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಅರ್ಜಿ ಹಾಕಲು ಪುರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ಹಳ್ಳಿಯವರಾದರೆ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ತಮ್ಮನನ್ನು ಕೇಳದೆ ಮಾತ್ರ ಹಾಕಬೇಡಿ. ಆ ಕಾರ್ಡು ಕೆಲವರಿಗೆ ಊರುಗೋಲು, ಕೆಲವರಿಗೆ ಹಣೆಪಟ್ಟಿ.

ನೇರನುಡಿ

ಒಂದು ಪ್ರಶ್ನೆ. ಹುಡುಗ ಗುತ್ತಿಗೆಯವನು. ಆರು ತಿಂಗಳಿಗೆ ಬೇರೆ ಕಡೆ ಹೋದರೆ?

ಮಂಗಳವಾರ

ಹೋಗಬಹುದು. ನಾನೂ ಎರಡು ಜಿಲ್ಲೆ ಬದಲಿಸಿದವಳು, ಬಿಟ್ಟುಬಂದ ಮನೆಗಳ ಲೆಕ್ಕ ನನ್ನ ಬಳಿ ಇದೆ. ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇಡಿ: ಮಾತ್ರೆ, ಪ್ರಮಾಣ, ಯಾವ ದಿನ ಏನಾಯಿತು, ಹಾಲು ತಂದ ದಿನಗಳು. ಮುಂದೆ ಬರುವವರು ಅದನ್ನು ಓದಿ ಶುರು ಮಾಡಲಿ. ಪ್ರತಿ ಸಲ ಮೊದಲಿನಿಂದ ಕಥೆ ಹೇಳುವುದೇ ಮನೆಯವರಿಗೆ ಒಂದು ಶಿಕ್ಷೆ.

ಬಿಸಿಲೂರು

ನಮ್ಮದು ಯಾದಗಿರಿ ಜಿಲ್ಲೆ, ಚಿಕ್ಕಮ್ಮನಿಗಾಗಿ ಕೇಳುತ್ತಿದ್ದೇನೆ. ಆಸ್ಪತ್ರೆಗೆ ಬರಲು ಅವರು ಸುತಾರಾಂ ಒಪ್ಪುವುದಿಲ್ಲ. ರೋಗಿಯಿಲ್ಲದೆ ನಾನೊಬ್ಬನೇ ಹೋದರೆ ಮಾತನಾಡಿಸುತ್ತಾರೆಯೇ?

ಮಂಗಳವಾರ

ಮಾತನಾಡಿಸಬೇಕು. ‘ರೋಗಿಯನ್ನು ಕರೆತಂದರೆ ಮಾತ್ರ’ ಎಂದರೆ ವೈದ್ಯರ ಸಾಲು ಬಿಟ್ಟು ಸಮಾಜ ಕಾರ್ಯಕರ್ತರ ಮೇಜು ಕೇಳಿ. ಬಾರದವರ ಮನೆಯವರಿಗೆಂದೇ ನಾವಿರುವುದು. ಹಳೆಯ ಚೀಟಿಗಳಿದ್ದರೆ ಎಲ್ಲವನ್ನೂ ಒಯ್ಯಿರಿ.

ಬೆಳಗಿನ ಬಸ್ಸು · ಶನಿವಾರ, ರಾತ್ರಿ 11.20

ಊರಿನಿಂದ ಬರೆಯುತ್ತಿದ್ದೇನೆ. ಒಂಬತ್ತು ದಿನದಲ್ಲಿ ನಾಲ್ಕು ದಿನ ಹಾಲು ತಂದಿದ್ದಾನೆ, ನೋಟ್‌ಬುಕ್ಕಿನಲ್ಲಿದೆ. ಬರೆದದ್ದು ಅಪ್ಪನ ಕೈಬರಹ. ನಾನು ಏನೂ ಕೇಳಲಿಲ್ಲ. ಮೇಷ್ಟ್ರೇ, ನಿಮ್ಮ ಹಲ್ಲಿನ ಕಥೆಯನ್ನು ಅಪ್ಪನಿಗೆ ಓದಿ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡರು, ‘ಹೂಂ’ ಎಂದು ಎದ್ದು ಹೋದರು.

ಇವತ್ತು ಅರ್ಧ ಲೀಟರ್ ಎಂದು ಹೇಳಿ ಕಳುಹಿಸಿದರೆ ಒಂದು ಲೀಟರ್ ತಂದ. ಚಿಲ್ಲರೆಯನ್ನೂ ಎಣಿಸಿಕೊಂಡಿರಲಿಲ್ಲ. ಅಮ್ಮ ಬಾಯಿ ತೆರೆದರು, ನನ್ನ ಮುಖ ನೋಡಿದರು, ಮುಚ್ಚಿಕೊಂಡರು. ಉಳಿದ ಅರ್ಧ ಲೀಟರಿಗೆ ಹೆಪ್ಪು ಹಾಕಿದ್ದಾರೆ.